ಕೆರೆ ಹೊಳೆ ಮೀನು ಕಾಯೋಕೆ ಮೀನುಗಾರರನ್ನೇ ಕರೀತಾರೆ, ಹೊರಗಿನವರನ್ನ ತಡೆಯೋ ಹಕ್ಕು ಮಾತ್ರ ಯಾಕೆ ಕೊಡಲ್ಲ?

ಮಡುಮೀನು:
ಒಳನಾಡು ಮೀನುಗಾರಿಕೆ ಬಗ್ಗೆ ಯಾವ ವರದಿ ತೆಗೆದ್ರೂ ಮೀನುಗಾರರ ಸಹಕಾರ ಪಡೆದು ನಿರ್ವಹಣೆ ಮಾಡಬೇಕು ಅಂತ ಒಂದು ಸಾಲು ಇದ್ದೇ ಇರುತ್ತೆ. ದಡದ ಮೇಲೆ ನಿಂತು ನೋಡಿದ್ರೆ ಅದು ಹೆಂಗಿರುತ್ತೆ ಅಂದ್ರೆ, ರಾತ್ರಿ ಕಾವಲು ಅವರದ್ದು, ಮರಿ ಬಿಡೋವಾಗ ಬಿಟ್ಟಿ ಕೆಲಸ ಅವರದ್ದು, ಮೀನು ಮೊಟ್ಟೆ ಇಡೋ ಕಾಲದಲ್ಲಿ ಬಲೆ ಸುತ್ತಿಟ್ಟು ಕೂರೋರೂ ಅವರೇ. ಆದ್ರೆ ಹೊರಗಿನಿಂದ ಯಾರೋ ಬ್ಯಾಟರಿ ಹೊತ್ಕೊಂಡು ಬಂದು ನೀರಿಗೆ ಕರೆಂಟ್ ಬಿಟ್ರೆ ಅವನನ್ನ ತಡೆಯೋ ಅಧಿಕಾರ ಅವರಿಗಿಲ್ಲ, ಅದಕ್ಕೆ ಅರ್ಜಿ ಬರೀಬೇಕು, ಅರ್ಜಿ ಮೇಲೆ ಸೀಲ್ ಬೀಳೋ ಹೊತ್ತಿಗೆ ಮಡು ಖಾಲಿ.

ನನ್ನ ವಾದ ಇಷ್ಟೇ. ಎಲ್ಲೆಲ್ಲಿ ಈ ಜಂಟಿ ನಿರ್ವಹಣೆ ನಿಜವಾಗಿ ಕೆಲಸ ಮಾಡಿದೆಯೋ ಅಲ್ಲೆಲ್ಲ ಈ ನೀರಲ್ಲಿ ಯಾರು ಬಲೆ ಹಾಕಬಹುದು, ಯಾರು ಹಾಕಬಾರದು ಅನ್ನೋದು ಮೊದಲೇ ತೀರ್ಮಾನ ಆಗಿದೆ. ಬಲೆ ಕಣ್ಣು, ರಜೆ ತಿಂಗಳು, ಕೋಟಾ ಎಲ್ಲ ಅದಾದ ಮೇಲೆ.

ಬ್ರೆಜಿಲ್‌ನ ಅಮೆಜಾನ್ ಕಡೆ ಮಾಮಿರಾವಾ ಅಂತ ಒಂದು ಸಂರಕ್ಷಿತ ಪ್ರದೇಶ ಇದೆ. ಅಲ್ಲಿ ಪಿರಾರುಕು ಅಂತ ದೈತ್ಯ ಮೀನು, ಅರಪೈಮಾ ಅಂತಾನೂ ಕರೀತಾರೆ, 2 ಮೀಟರ್ ದಾಟಿ ಬೆಳೆಯುತ್ತೆ. ಹಿಡಿದು ಹಿಡಿದು ಮುಗಿಯೋ ಹಂತಕ್ಕೆ ಬಂದಾಗ ಅಮೆಜೋನಾಸ್ ರಾಜ್ಯದಲ್ಲಿ 1996ರಲ್ಲಿ ಹಿಡಿಯೋದನ್ನೇ ನಿಷೇಧಿಸಿದ್ರು. ಆಮೇಲೆ 1999ರಿಂದ ಸಮುದಾಯಗಳು ತಾವೇ ಕಾದು, ತಾವೇ ಎಣಿಸಿ, ಲೆಕ್ಕ ಕೊಟ್ಟು ಕೋಟಾ ಪಡೆಯೋ ಪದ್ಧತಿ ಶುರುವಾಯ್ತು. ಎಣಿಸೋ ರೀತಿ ಕೇಳಿ, ಚೆನ್ನಾಗಿದೆ. ಈ ಮೀನು ಗಾಳಿ ಕುಡಿಯೋಕೆ ಮೇಲೆ ಬರಲೇಬೇಕು. ಬೇಸಿಗೇಲಿ ನೀರು ಇಳಿದಾಗ ಸಣ್ಣ ದೋಣಿ ಹಾಕ್ಕೊಂಡು ತಮ್ಮ ಪಾಲಿನ ನೀರಿನ ನಡುವೆ 20 ನಿಮಿಷ ಮಾತಿಲ್ಲದೆ ಕೂರ್ತಾರೆ, ಬೆನ್ನು ಎದ್ದು ಮುಳುಗೋ ಪರಿ, ನೀರು ಚಿಮ್ಮೋ ಸದ್ದು ಇಷ್ಟರಲ್ಲೇ ಒಂದೂವರೆ ಮೀಟರ್‌ಗಿಂತ ದೊಡ್ಡದೋ ಚಿಕ್ಕದೋ ಅಂತ ಗುರುತು ಹಾಕ್ಕೋತಾರೆ. ವಿಜ್ಞಾನಿಗಳು ಮೀನಿಗೆ ಗುರುತು ಕಟ್ಟಿ ಮತ್ತೆ ಹಿಡಿದು ಲೆಕ್ಕ ಹಾಕಿ ಹೋಲಿಸಿದ್ರು, ಪಳಗಿದ ಮೀನುಗಾರರ ಎಣಿಕೆ ಅದಕ್ಕೆ ತಾಳೆ ಆಯ್ತು. ದೊಡ್ಡ ಮೀನಲ್ಲಿ ಶೇ. 30ರ ವರೆಗೆ ಮಾತ್ರ ಹಿಡಿಯೋಕೆ ಅನುಮತಿ. ಹತ್ತಿರದ ಜುರುವಾ ನದಿ ಬಯಲಲ್ಲಿ 2016ರಲ್ಲಿ ಪ್ರಕಟವಾದ ಅಧ್ಯಯನ ನೋಡಿ, ಕಾವಲಿರೋ ಒಂದೊಂದು ಸರೋವರದಲ್ಲಿ ಸರಾಸರಿ 305 ಅರಪೈಮಾ, ಯಾರು ಬೇಕಾದ್ರೂ ಹಿಡೀಬಹುದಾದ ಸರೋವರದಲ್ಲಿ ಸರಾಸರಿ 9. ಅಲ್ಲಿ ಸರೋವರದ ಬಾಯಲ್ಲಿ ಕಾವಲು ಮನೆ ಕಟ್ಕೊಂಡು ಕೂತಿರ್ತಾರೆ, ಹೊರಗಿನ ದೋಣಿ ಒಳಗೆ ಬರೋ ಹಾಗಿಲ್ಲ. ಅಷ್ಟೇ ವ್ಯತ್ಯಾಸ.

ನೀವೇನಂತೀರಿ?

ಬೀಸುಬಲೆ:
ಖರೇ ಮಾತು ಹೇಳಿದ್ರಿ ಅಣ್ಣಾರ. ನಾವು ನೀರಾಗ ಇರೋ ಮಂದಿ, ಒಂದು ಮಾತು ಹೇಳ್ತೀನಿ ಕೇಳ್ರಿ. ಒಂದು ವರ್ಷಕ್ಕ ಹರಾಜು ಹಾಕಿದ ನೀರಾಗ ಮೀನು ಉಳಿಸು ಅಂದ್ರ ಯಾವನೂ ಉಳಿಸಂಗಿಲ್ರಿ. ಗುತ್ತಿಗಿ ಮುಗಿಯೋ ತಿಂಗಳು ಬಂತಂದ್ರ ದೊಡ್ಡ ಎಳೆಬಲಿ ತಂದು ತಳಾ ಬಳದು ಒಯ್ತಾರ, ಬೆರಳುದ್ದ ಮರಿನೂ ಬಿಡಂಗಿಲ್ಲ. ಯಾಕ ಬಿಡ್ಬೇಕು, ಬಿಟ್ಟಿದ್ದು ಮುಂದಿನ ಹರಾಜಿನಾಂವಗ ಹೋಗ್ತೈತಿ. ಅಂವ ಕೆಟ್ಟಾಂವ ಅಂತಲ್ಲ, ಲೆಕ್ಕ ಹಂಗ ಐತಿ. ಗುತ್ತಿಗಿ ಹಿಡದಾಂವಗ ನೀರಿನ ಸುದ್ದಿನೂ ಗೊತ್ತಿರಂಗಿಲ್ಲ, ರೊಕ್ಕ ಹಾಕ್ಯಾನ, ರೊಕ್ಕ ತೆಗಿಬೇಕು. ನಾವು ಅವನ ಕಡೆ ಕೂಲಿ. ನಮ್ಮ ಅಜ್ಜಾರಿಂದ ಇದ್ದ ನೀರಾಗ ನಾವ ಕೂಲಿ ಆಗಿ ಹಿಡದು ಅವನ ತಕ್ಕಡಿಗೆ ಹಾಕೂದು.

ಸಂಘಕ್ಕ ಕೊಡ್ತೀವಿ ಅಂತಾರ, ಸಂಘದ ಹೆಸರು ನಮ್ದು, ಹಿಂದ ರೊಕ್ಕದ ಧಣಿ ಬ್ಯಾರೆ. ಬಾಂಗ್ಲಾದೇಶದಾಗ ಸರಕಾರಿ ಜಲಮಹಲ್ ಅಂತ ಅದಾವಂತ, ಅಂದ್ರ ಗುತ್ತಿಗಿ ಕೊಡೋ ಕೆರಿ ಹೊಂಡ. 2009ರಾಗ ಅಸಲಿ ಮೀನುಗಾರರ ಸಂಘಕ್ಕ ಕೊಡ್ಬೇಕಂತ ನೀತಿ ತಂದ್ರು, ಆದ್ರೂ ಹಿಂದ ನಿಂತು ಕಂತು ಕಟ್ಟಾಂವ ಬ್ಯಾರೇನ ಇರ್ತಾನಂತ ಓದೀನಿ. ಎಲ್ಲಾ ಕಡಿ ಅದ ಕತಿ.

ಐದು ವರ್ಷ, ಹತ್ತು ವರ್ಷ ಕೊಡ್ರಿ ನಮಗ. ಕಾಯೂದು ಯಾರೂ ಕಲಸೂದು ಬ್ಯಾಡ.

ತಕ್ಕಡಿ:
ಮಡುಮೀನು ಅವರೇ, ಉದಾಹರಣೆ ಚೆನ್ನಾಗಿದೆ, ಆದ್ರೆ ನೀವು ಅತ್ಯಂತ ಸುಲಭದ ಮೀನು ಆರಿಸ್ಕೊಂಡಿದ್ದೀರ. ಮೇಲೆ ಬಂದು ಉಸಿರು ಬಿಟ್ಟು ನಾನಿಲ್ಲಿದ್ದೀನಿ ಅಂತ ತಾನೇ ಹಾಜರಿ ಹಾಕೋ ಮೀನು, ನೀರು ಇಳಿದಾಗ ಅದೇ ಸರೋವರದಲ್ಲಿ ಉಳಿಯುತ್ತೆ, ಒಂದೊಂದಕ್ಕೂ ಒಳ್ಳೆ ಬೆಲೆ. ಇಂಥಾ ಮೀನನ್ನ ಕಾಯೋಕೆ ಜನ ಒಂದಾಗೋದು ಸಹಜ. ಉಳಿದ ನದಿ ಬಯಲಲ್ಲಿ ನೂರು ಜಾತಿ ಮೀನು, ಬಹುಪಾಲು ಅಂಗೈಯಷ್ಟುದ್ದ, ಮಳೆಗೆ ಎಲ್ಲಿಂದಲೋ ಬಂದು ಎಲ್ಲಿಗೋ ಹೋಗೋವು, ಅವನ್ನ ಯಾವ ದೋಣೀಲಿ ಕೂತು ಎಣಿಸ್ತೀರ?

ಇನ್ನೊಂದು. ಒಳನಾಡಿನ ಲೆಕ್ಕವೇ ಸಡಿಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಎಫ್‌ಎಒ ಪ್ರಕಾರ 2022ರಲ್ಲಿ ಜಗತ್ತಿನ ಒಳನಾಡು ನೀರಿನಿಂದ ಹಿಡಿದದ್ದು 113 ಲಕ್ಷ ಟನ್, ಸಮುದ್ರ ಸೇರಿಸಿ ಒಟ್ಟು ಹಿಡಿದದ್ದರಲ್ಲಿ ಸುಮಾರು ಶೇ. 12. ಆದ್ರೆ 2018ರ ಒಂದು ಅಧ್ಯಯನದಲ್ಲಿ ಮನೆಮನೆ ಸಮೀಕ್ಷೆ ಇಟ್ಕೊಂಡು, ಜನ ನಿಜವಾಗಿ ತಿಂದ ಹೊಳೆ ಮೀನು ಎಷ್ಟು ಅಂತ ಲೆಕ್ಕ ಹಾಕಿದ್ರೆ ಅಧಿಕೃತ ಅಂಕಿಗಿಂತ ಸುಮಾರು ಶೇ. 65 ಹೆಚ್ಚು ಬಂತು. ಅಂದ್ರೆ ದೊಡ್ಡ ಭಾಗ ಮಾರ್ಕೆಟ್ಟಿಗೂ ಬರ್ದೆ, ಪುಸ್ತಕಕ್ಕೂ ಬರ್ದೆ ಸೀದಾ ಅಡುಗೆ ಮನೆಗೆ ಹೋಗುತ್ತೆ.

ಆಮೇಲೆ ಈ ಬಲೆ ಕಣ್ಣಿನ ರೂಲು. ಸಣ್ಣ ಕಣ್ಣು ಅಂದ ತಕ್ಷಣ ಪಾಪ ಅನ್ನೋ ಹಾಗೆ ಮಾತಾಡ್ತಾರೆ. ಆಫ್ರಿಕಾದ ಕರೀಬಾ ಜಲಾಶಯ ನೋಡಿ, ಒಂದೇ ನೀರು, ಜಿಂಬಾಬ್ವೆ ಕಡೆ ಕಟ್ಟುನಿಟ್ಟು, ಜಾಂಬಿಯಾ ಕಡೆ ಹೆಚ್ಚು ಜನ, ಸಣ್ಣ ಕಣ್ಣು, ಹೇಳೋರು ಕೇಳೋರು ಕಡಿಮೆ. ಜಾಂಬಿಯಾ ಕಡೆ ಸರ್ವನಾಶ ಆಗಿರಬೇಕಿತ್ತಲ್ಲ? ಆಗಿಲ್ಲ, ಅಲ್ಲಿ ಒಟ್ಟು ಇಳುವರಿಯೇ ಹೆಚ್ಚು, ಜಾತಿಗಳ ಮಿಶ್ರಣವೂ ಅಷ್ಟೇನು ಬದಲಾಗಿರಲಿಲ್ಲ ಅಂತ ಜೀವಶಾಸ್ತ್ರಜ್ಞರು ತೋರಿಸಿದ್ದಾರೆ. ಸಣ್ಣ ಮೀನು ಬೇಗ ಬೆಳೆದು ಬೇಗ ಮೊಟ್ಟೆ ಇಡೋದ್ರಿಂದ ಹಿಡಿತಾನೇ ಇದ್ರೂ ತಡ್ಕೊಳ್ಳುತ್ತೆ, ಪೆಟ್ಟು ಬೀಳೋದು ನಿಧಾನವಾಗಿ ಬೆಳೆಯೋ ದೊಡ್ಡ ಜಾತಿಗೆ. ಒಂದೇ ಕಣ್ಣಿನ ಅಳತೆ ಎಲ್ಲಾ ನೀರಿಗೂ ಹೇರೋದು ಆಫೀಸಿನ ಅನುಕೂಲ ಅಷ್ಟೇ.

ಮಡುಮೀನು:
ತಕ್ಕಡಿ ಸರ್, ಬಲೆ ಕಣ್ಣಿನ ವಿಷಯ ಪೂರ್ತಿ ಒಪ್ಪಿದೆ. ಎಣಿಸೋ ಮಾತಿಗೆ ಮಾತ್ರ ಉತ್ತರ ಇದೆ, ಎಣಿಸಲೇಬೇಕು ಅಂತಿಲ್ಲ.

ಥಾಯ್ಲೆಂಡ್‌ನ ಸಾಲ್ವೀನ್ ಕೊಳ್ಳದಲ್ಲಿ ಙಾವ್ ಅಂತ ನದಿ. ದಡದ ಹಳ್ಳಿಗಳು ಒಂದೊಂದಾಗಿ ತಮ್ಮ ಊರ ಮುಂದಿನ ಸ್ವಲ್ಪ ದೂರದ ನೀರಲ್ಲಿ ಯಾರೂ ಏನೂ ಹಿಡಿಯೋ ಹಾಗಿಲ್ಲ ಅಂತ ತಾವೇ ಕಟ್ಟು ಮಾಡ್ಕೊಂಡ್ರು. ಅಂಥಾ 23 ಜಾಗ ಅಧ್ಯಯನ ಮಾಡಿ 2020ರಲ್ಲಿ ನೇಚರ್ ಪತ್ರಿಕೇಲಿ ಹಾಕಿದ್ರು. ಪಕ್ಕದ ತೆರೆದ ನೀರಿಗೆ ಹೋಲಿಸಿದ್ರೆ ಜಾತಿಗಳು ಶೇ. 27 ಹೆಚ್ಚು, ಮೀನಿನ ಸಾಂದ್ರತೆ ಶೇ. 124 ಹೆಚ್ಚು, ಒಟ್ಟು ತೂಕ ಶೇ. 2,247 ಹೆಚ್ಚು, ಅಂದ್ರೆ 20 ಪಟ್ಟಿಗೂ ಮೇಲೆ. ನೂರು ಜಾತಿ ಇರೋ ನದಿಗೆ ಇದು ಸರಿಹೊಂದುತ್ತೆ, ಯಾಕಂದ್ರೆ ಇಲ್ಲಿ ಯಾವ ಮೀನು ಎಷ್ಟುದ್ದ ಅಂತ ನೋಡೋ ಕೆಲಸವೇ ಇಲ್ಲ, ಈ ಬಂಡೆಯಿಂದ ಆ ಬಂಡೆ ತನಕ ಬಲೆ ಹಾಕಬೇಡ ಅಷ್ಟೇ, ಮಗುಗೂ ಅರ್ಥ ಆಗುತ್ತೆ. ಊರಿಗೆ ಹತ್ತಿರ ಇದ್ದ ಜಾಗಗಳಲ್ಲಿ ಫಲ ಹೆಚ್ಚು ಬಂದಿದೆ, ಬಟ್ಟೆ ಒಗೆಯೋರು, ದನ ನೀರಿಗೆ ಬಿಡೋರು ಎಲ್ಲರ ಕಣ್ಣೂ ಇರುತ್ತಲ್ಲ.

ಲಾವೋಸ್‌ನಲ್ಲೂ 1990ರ ದಶಕದಿಂದ ಮೆಕಾಂಗ್‌ನ ಆಳದ ಮಡುಗಳನ್ನ ಹಳ್ಳಿಗಳೇ ಹಂಗೆ ಮೀಸಲಿಟ್ಟಿವೆ. ಬೇಸಿಗೇಲಿ ನದಿ ಬತ್ತಿದಾಗ ತಾಯಿ ಮೀನು ಹೋಗಿ ಸೇರ್ಕೊಳ್ಳೋದೇ ಮಡುವಿಗೆ, ಅಲ್ಲಿ ನಾಲ್ಕು ಜನ ಸೇರಿ ಬಲೆ ಹಾಕಿದ್ರೆ ಒಂದು ವಾರದಲ್ಲಿ ಇಡೀ ಹೊಳೆಯ ಮುಂದಿನ ವರ್ಷದ ಮೀನು ತೆಗೀಬಹುದು.

ಸುಮ್ನೆ ಓದ್ತಿದ್ದೆ:
ಶೇ. 2,247 ಅಂದ್ರೆ ಟೈಪಿಂಗ್ ತಪ್ಪಾ ಅಂತ ಎರಡು ಸಲ ನೋಡಿದೆ ಗುರು

ಮಡುಮೀನು:
ತಪ್ಪಲ್ಲ, ದೊಡ್ಡ ಮೀನು ಉಳ್ಕೊಂಡ್ರೆ ತೂಕ ಹಂಗೇ ಏರೋದು.

ಹರಿಗೋಲು:
ಹೊರಗಿನವರನ್ನ ತಡೆಯೋ ಹಕ್ಕು ಅನ್ನೋ ವಾದಕ್ಕೆ ನನ್ನದೊಂದು ತಕರಾರು ಇದೆ. ಕಾಂಬೋಡಿಯಾದ ಟೋನ್ಲೆ ಸಾಪ್ ಸರೋವರ ಗೊತ್ತಲ್ಲ, ಮಳೆಗಾಲದಲ್ಲಿ ಮೆಕಾಂಗ್ ಉಕ್ಕಿ ಅದಕ್ಕೆ ಸೇರೋ ನದಿಯೇ ಹಿಂದಕ್ಕೆ ಹರಿಯುತ್ತೆ, ಸುಮಾರು 2,500 ಚದರ ಕಿಲೋಮೀಟರ್ ಇರೋ ಸರೋವರ 15,000 ತನಕ ಹರಡುತ್ತೆ. ಅಲ್ಲಿ ಫ್ರೆಂಚರ ಕಾಲದಿಂದ ಮೀನಿನ ಲಾಟ್ ಅಂತ ನೀರನ್ನ ತುಂಡು ಮಾಡಿ ಹರಾಜು ಹಾಕೋ ಪದ್ಧತಿ ಇತ್ತು. ಲಾಟ್ ಹಿಡಿದವನು ಬೇಲಿ ಹಾಕಿ, ಬಂದೂಕಿನ ಕಾವಲಿಟ್ಟು ಹೊರಗಿನವರನ್ನ ಚೆನ್ನಾಗೇ ತಡೀತಿದ್ದ. ಒಳಗೆ ಮೀನಿತ್ತು, ಪಕ್ಕದ ಹಳ್ಳಿಯವರಿಗೆ ಸಾರಿಗೆ ಮೀನಿರಲಿಲ್ಲ. ಅದೂ ತಡೆಯೋ ಹಕ್ಕೇ ತಾನೇ?

ಗಲಾಟೆ ಹೆಚ್ಚಾಗಿ 2000ದ ಹೊತ್ತಿಗೆ ಲಾಟ್‌ಗಳ ಅರ್ಧಕ್ಕಿಂತ ಹೆಚ್ಚು ಜಾಗ, ಶೇ. 56, ಬಿಡಿಸಿ ಸಮುದಾಯಗಳಿಗೆ ಕೊಟ್ರು, 2005ರಲ್ಲಿ ಸಮುದಾಯ ಮೀನುಗಾರಿಕೆಗೆ ಅಂತ ಉಪ-ಆದೇಶ ಬಂತು, 2012ರಲ್ಲಿ ಲಾಟ್ ಪದ್ಧತಿಯೇ ರದ್ದಾಯ್ತು. ಕೇಳೋಕೆ ಹಬ್ಬ. ಆದ್ರೆ ಕಾವಲಿನವನು ಹೋದ ಜಾಗಕ್ಕೆ ಯಾರು ಬಂದ್ರು? ಸಮಿತಿ ಇದೆ, ಬೋರ್ಡ್ ಇದೆ, ದೋಣಿಗೆ ಡೀಸೆಲ್ ಇಲ್ಲ. ಕರೆಂಟ್ ಹಾಕೋರು, ಕಿಲೋಮೀಟರ್‌ಗಟ್ಟಲೆ ಅಡ್ಡ ಬಲೆ ಕಟ್ಟೋರು ನುಗ್ಗಿದ್ರು. ಸಮಿತಿಯವರು ಕಂಡ್ರೂ ಬಂಧಿಸೋ ಹಾಗಿಲ್ಲ, ಇಲಾಖೆಗೆ ಫೋನ್ ಮಾಡಿ ಕಾಯಬೇಕು. ಕೆಲವು ಕಡೆ ಲಾಟ್ ಇದ್ದಾಗಲೇ ಮೀನು ಜಾಸ್ತಿ ಇತ್ತು ಅಂತ ಹಳ್ಳಿಯವರೇ ಅನ್ನೋ ಹಾಗಾಯ್ತು.

ಹಾಗಾಗಿ ಹಕ್ಕು ಯಾರಿಗೆ ಅನ್ನೋದೂ ಮುಖ್ಯ, ಆ ಹಕ್ಕಿನ ಹಿಂದೆ ಡೀಸೆಲ್ ದುಡ್ಡು ಯಾರದ್ದು ಅನ್ನೋದೂ ಮುಖ್ಯ. ಕಾಗದದ ಮೇಲೆ ಕೊಟ್ಟು ಕೈ ತೊಳ್ಕೊಂಡ್ರೆ ಅದು ಧಣಿಯ ಕಾಲಕ್ಕಿಂತ ಕೆಟ್ಟದಾಗಬಹುದು.

ತಕ್ಕಡಿ:
ಇದಕ್ಕೆ ಒಂದು ಸೇರಿಸ್ತೀನಿ. ಟೋನ್ಲೆ ಸಾಪ್‌ನ ಮೀನು ಇಳಿದದ್ದನ್ನೆಲ್ಲ ಲಾಟ್ ರದ್ದತಿ ತಲೆಗೇ ಕಟ್ಟೋಕಾಗಲ್ಲ. ಮೆಕಾಂಗ್ ಮೇಲೆ ಅಣೆಕಟ್ಟು, ಪ್ರವಾಹ ತಡವಾಗಿ ಬಂದ ವರ್ಷಗಳು, ಅಂಚಿನ ಕಾಡು ಕಡಿದದ್ದು ಎಲ್ಲ ಒಟ್ಟಿಗೇ ನಡೀತು. ಪ್ರವಾಹ ಚೆನ್ನಾಗಿ ಬಂದ ವರ್ಷ ಮೀನೂ ಚೆನ್ನಾಗಿ ಬರುತ್ತೆ, ಬಲೆ ಎಷ್ಟೇ ಇರಲಿ.

ಒಣಮೀನು ಅಕ್ಕ:
ಇಷ್ಟೊತ್ತು ಎಲ್ಲ ಓದಿದೆ, ಬಲೆ ಹಾಕೋರ ಮಾತೇ ಆಯ್ತು. ಹಿಡಿದ ಮೇಲೆ ಮೀನು ತಾನೇ ನಡ್ಕೊಂಡು ಮಾರ್ಕೆಟ್ಟಿಗೆ ಹೋಗುತ್ತಾ? ಆರಿಸೋದು, ಕೊಯ್ಯೋದು, ಉಪ್ಪು ಹಾಕೋದು, ಒಣಗಿಸೋದು, ತಲೆ ಮೇಲೆ ಹೊತ್ತು ಮಾರೋದು ಹೆಂಗಸರು. ಹಿಡಿಯೋದ್ರಿಂದ ಮಾರೋ ತನಕ ಲೆಕ್ಕ ಹಾಕಿದ್ರೆ ಜಗತ್ತಿನ ಸಣ್ಣ ಮೀನುಗಾರಿಕೇಲಿ 10 ಜನರಲ್ಲಿ 4 ಜನ ಹೆಂಗಸರು ಅಂತ ಎಫ್‌ಎಒ ಮತ್ತೆ ಜೊತೆಗಿನ ಸಂಸ್ಥೆಗಳ 2023ರ ವರದೀಲೇ ಇದೆ. ಸಮಿತೀಲಿ ಎಷ್ಟು ಜನ? ಒಬ್ಬರನ್ನ ಕೂರಿಸ್ತಾರೆ, ಸಹಿ ಹಾಕೋಕೆ.

ಇದು ಬರೀ ಮರ್ಯಾದೆ ಪ್ರಶ್ನೆ ಅಲ್ಲ. ಎರಡು ತಿಂಗಳು ರಜೆ ಅಂತ ಗಂಡಸರು ಸಭೆ ಮಾಡಿ ತೀರ್ಮಾನ ಮಾಡ್ತಾರೆ. ಬಲೆ ಹಾಕೋನಿಗೆ ಪರಿಹಾರ ಕೊಡೋ ಯೋಜನೆ ಇದ್ರೂ ಇರುತ್ತೆ, ಮಾರೋಳು ಮೀನುಗಾರಳು ಅಂತ ಯಾವ ಪಟ್ಟೀಲೂ ಇಲ್ಲ, ಆ ಎರಡು ತಿಂಗಳು ಅವಳಿಗೆ ಸಾಲವೇ ಗತಿ. ಆಮೇಲೆ ಅವಳೇ ಕದ್ದು ಹಿಡಿದದ್ದನ್ನ ಕೊಂಡ್ಕೊಂಡು ಮಾರಿದ್ಲು ಅಂತ ಬೈತೀರ. ಕೊಳ್ಳೋರು ಇಲ್ಲಾಂದ್ರೆ ಕದ್ದು ಹಿಡಿಯೋರೂ ಇರಲ್ಲ, ಅಂದ್ಮೇಲೆ ಮಾರೋರನ್ನ ಹೊರಗಿಟ್ಟು ನೀವು ಮಾಡೋ ರೂಲು ಎಷ್ಟು ದಿನ ನಿಲ್ಲುತ್ತೆ ಹೇಳಿ.

ಸಣ್ಣ ಮೀನಿನ ಮಾತೂ ಬಂತು. ತಕ್ಕಡಿ ಅವರು ಇಳುವರಿ ಲೆಕ್ಕ ಹೇಳಿದ್ರು, ನಾನು ತಟ್ಟೆ ಲೆಕ್ಕ ಹೇಳ್ತೀನಿ. ಬಾಂಗ್ಲಾದೇಶದ ಮೋಲಾ ಅನ್ನೋ ಬೆರಳುದ್ದದ ಮೀನಲ್ಲಿ ವಿಟಮಿನ್ ಎ ತುಂಬಾ, ತಲೆ ಮುಳ್ಳು ಸಮೇತ ತಿನ್ನೋದ್ರಿಂದ ಸುಣ್ಣದಂಶವೂ ಸಿಗುತ್ತೆ. ಬಡವರ ಮನೆಗೆ ಬರೋದು ಈ ಮೀನೇ, ದೊಡ್ಡದು ಪೇಟೆಗೆ ಹೋಗುತ್ತೆ. ಇದನ್ನ ಕಸದ ಮೀನು ಅಂತ ವಿಷ ಹಾಕಿ ತೆಗೆದು ಆಮೇಲೆ ದೊಡ್ಡ ಮೀನಿನ ಮರಿ ಬಿಡಿ ಅಂತ ಹೇಳ್ಕೊಟ್ಟಿದ್ದ ಕಾಲ ಇತ್ತು.

ಬೀಸುಬಲೆ:
ಅಕ್ಕಾರ ಮಾತಿಗೆ ಎದುರು ಇಲ್ರಿ. ನಮ್ಮ ಸಂಘದಾಗ ಹೆಣ್ಮಕ್ಕಳ ಹೆಸರು ಐತಿ ಖರೆ, ಸಭಾಕ್ಕ ಕರೆಯೂದಿಲ್ಲ. ಆದ್ರ ಯಾವ ಮೀನು ಯಾವ ವಾರ ಮೊಟ್ಟಿ ತುಂಬಿ ಬರ್ತೈತಿ ಅಂತ ಪಕ್ಕಾ ಗೊತ್ತಿರೂದು ಹೊಟ್ಟಿ ಸೀಳೋ ಅವರಿಗೇ. ನಾವು ಹಿಡದು ಒಗದ ಬಿಡ್ತೀವಿ, ಅವರು ಒಳಗ ನೋಡ್ತಾರ. ರಜಾ ಯಾವಾಗ ಕೊಡಬೇಕಂತ ಅವರನ್ನ ಕೇಳಬೇಕು, ಕ್ಯಾಲೆಂಡರ್ ಅಲ್ಲ.

ಹಳೇ ಕಡತ:
ಇಲಾಖೆ ಕಡೆಯಿಂದ ಇಂಥ ಯೋಜನೆಗಳನ್ನ ಹತ್ತಿರದಿಂದ ನೋಡಿದವನು ನಾನು, ಯಾವ ಊರು ಯಾವ ಇಲಾಖೆ ಅಂತ ಹೇಳಲ್ಲ. ಒಳಗಿನ ಸಮಸ್ಯೆ ಏನಂದ್ರೆ ಗುರಿ ಇರೋದು ಸಮಿತಿಗಳ ಸಂಖ್ಯೆ ಮೇಲೆ. ಮಾರ್ಚ್ ಒಳಗೆ ಇಷ್ಟು ಸಮಿತಿ ರಚನೆ ಆಗಬೇಕು ಅಂದ್ರೆ ಆಗುತ್ತೆ, ಒಂದೇ ಹಸ್ತಾಕ್ಷರದಲ್ಲಿ ಹತ್ತು ಊರಿನ ನಡಾವಳಿ ಬರೆದದ್ದನ್ನ ನೋಡಿದ್ದೀನಿ, ಚಹಾ ಬಿಸ್ಕೆಟ್ ಖರ್ಚಿನ ರಸೀದಿ ಮಾತ್ರ ಊರಿಗೊಂದು ಬೇರೆ ಬೇರೆ ಇತ್ತು.

ಮಲಾವಿ ದೇಶದ್ದು ಎರಡು ಪಕ್ಕಪಕ್ಕದ ಕಥೆ ಈ ಚರ್ಚೆಗೆ ಸರಿಯಾಗಿ ಕೂರುತ್ತೆ. ಮಲೋಂಬೆ ಸರೋವರದಲ್ಲಿ ಚಾಂಬೋ ಅನ್ನೋ ಒಳ್ಳೆ ತಿಲಾಪಿಯಾ ಜಾತಿ ಕುಸಿದು ಹೋದ ಮೇಲೆ 1993ರಲ್ಲಿ ಸರ್ಕಾರ, ದಾನಿ ಸಂಸ್ಥೆಗಳು ಸೇರಿ ಜನರ ಪಾಲ್ಗೊಳ್ಳುವಿಕೆ ಯೋಜನೆ ತಂದ್ರು, ದಡದ ಹಳ್ಳಿ ಸಮಿತಿಗಳು ಹುಟ್ಟಿದ್ವು. ನಿಯಮ ಮೇಲಿನಿಂದ ಬಂತು, ಸಭೆಗೆ ಭತ್ಯೆ ಇದ್ದಾಗ ಜನ ಬಂದ್ರು. ಚಾಂಬೋ ವಾಪಸ್ ಬರಲಿಲ್ಲ. ಅದೇ ಕಾಲದಲ್ಲಿ ಚಿಯೂಟಾ ಅನ್ನೋ ಚಿಕ್ಕ ಸರೋವರದಲ್ಲಿ, ಹೊರಗಿನಿಂದ ಬಂದವರು ಎನ್‌ಕಾಚಾ ಅನ್ನೋ ಎಳೆಬಲೆ ತಂದು ನೀರು ಕೆದಕಿ ರಾಡಿ ಮಾಡ್ತಿದ್ರು, ಅಲ್ಲಿನ ಬೋನು, ಗಾಳ, ಗಿಲ್‌ನೆಟ್ (ಮೀನಿನ ಕಿವಿರು ಸಿಕ್ಕಿಕೊಳ್ಳೋ ಬಲೆ) ಹಾಕೋ ಮೀನುಗಾರರು ತಾವೇ ಒಂದಾಗಿ ಅವರನ್ನ ಓಡಿಸಿದ್ರು, ಆಮೇಲೆ ಇಲಾಖೆಯನ್ನ ಕರೆದು ಈಗ ನಮ್ಮ ಸಮಿತಿ ಬರ್ಕೊಳ್ಳಿ ಅಂದ್ರು. ಆ ನಿಯಮ ನಿಂತ್ಕೊಳ್ತು.

ವಿಕ್ಟೋರಿಯಾ ಸರೋವರದ ಕಥೆ ಇನ್ನೂ ದೊಡ್ಡದು. ಕೆನ್ಯಾ, ಉಗಾಂಡಾ, ಟಾಂಜಾನಿಯಾ ಮೂರೂ ಕಡೆ ಸೇರಿ ಸಾವಿರಕ್ಕೂ ಹೆಚ್ಚು ದಡ ನಿರ್ವಹಣಾ ಘಟಕಗಳು. ದೋಣಿ ಮಾಲೀಕರು, ದೋಣಿ ಕೂಲಿಗಳು, ವ್ಯಾಪಾರಿಗಳು ಎಲ್ಲರೂ ನೋಂದಣಿ ಆಗಬೇಕು, ಎಲ್ಲರಿಗೂ ಸಮಿತೀಲಿ ಪಾಲು, ವಿನ್ಯಾಸ ಒಳ್ಳೇದೇ. ಆದ್ರೆ ಸಮಿತಿ ಅಧ್ಯಕ್ಷ ಹಿಡೀಬೇಕಾದದ್ದು ತನ್ನ ಭಾವನ ಬಲೆಯನ್ನ, ತನಗೆ ಓಟು ಹಾಕಿದವನ ಬಲೆಯನ್ನ, ಸಂಬಳವೂ ಇಲ್ಲ. ಲಂಚದ ದೂರು ಬಂತು. 2015ರಲ್ಲಿ ಉಗಾಂಡಾ ಅಧ್ಯಕ್ಷರು ಈ ಘಟಕಗಳನ್ನೇ ಅಮಾನತು ಮಾಡಿದ್ರು, 2017ರಲ್ಲಿ ಸೈನ್ಯ ಇಳಿಸಿದ್ರು. ನೈಲ್ ಪರ್ಚ್ ಮೀನು 50ರಿಂದ 85 ಸೆಂಟಿಮೀಟರ್ ನಡುವಿನದ್ದು ಮಾತ್ರ ಹಿಡೀಬೇಕು ಅನ್ನೋದು ಮೂರೂ ದೇಶ ಒಪ್ಪಿದ ಅಳತೆ, ಅದರ ಹೆಸರಲ್ಲಿ ಸಣ್ಣ ದೋಣಿಗಳನ್ನ ಸುಟ್ಟರು. ಸೈನ್ಯ ಬಂದ್ರೆ ಮೀನು ಸ್ವಲ್ಪ ದಿನ ಹೆಚ್ಚೇ ಆಗಬಹುದು ಸ್ವಾಮಿ, ಆದ್ರೆ ಮಾರನೇ ದಿನ ಆ ಜನರನ್ನ ಸಭೆಗೆ ಯಾವ ಮುಖ ಇಟ್ಕೊಂಡು ಕರೀತೀರ.

ಮರಿ ಲೆಕ್ಕ:
ಎಲ್ಲರೂ ಹೊಳೆ, ಸರೋವರ ಅಂತೀರ. ಕಟ್ಟಿದ ಕೆರೆ, ಸಣ್ಣ ಜಲಾಶಯದ್ದು ಬೇರೆಯೇ ಪುರಾಣ. ಕಾಟ್ಲಾ, ರೋಹು, ಮೃಗಾಲ್ ಹರಿಯೋ ನದೀಲಿ ಪ್ರವಾಹಕ್ಕೆ ಮೊಟ್ಟೆ ಇಡೋ ಜಾತಿ, ನಿಂತ ನೀರಲ್ಲಿ ಬೆಳೀತವೆ ಆದ್ರೆ ಮರಿ ಮಾಡಲ್ಲ. ಅಂದ್ಮೇಲೆ ಪ್ರತಿ ವರ್ಷ ಬಿತ್ತನೆ ಮರಿ ಬಿಡಲೇಬೇಕು, ಅಲ್ಲಿ ರಜೆ ತಿಂಗಳಿಗಿಂತ ಮರಿಯ ಗುಣಮಟ್ಟ ಮುಖ್ಯ.

ಈಗ ನೋಡಿ ಏನಾಗುತ್ತೆ. ಗುರಿ ಇರೋದು ಎಷ್ಟು ಲಕ್ಷ ಮರಿ ಬಿಟ್ರಿ ಅನ್ನೋದಕ್ಕೆ. ಲಕ್ಷ ಬೇಕು ಅಂದ್ರೆ ಸಣ್ಣ ಮರೀನೇ ಅಗ್ಗ, ಉಗುರಿನಷ್ಟುದ್ದದ್ದು ತರ್ತಾರೆ. ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲ ಬಿಸಿಲಲ್ಲಿ ಬಂದಿರುತ್ತೆ, ಅದನ್ನ ಬಿಚ್ಚದೆ ಹತ್ತಿಪ್ಪತ್ತು ನಿಮಿಷ ಕೆರೆ ನೀರಲ್ಲಿ ತೇಲಿಬಿಟ್ಟು, ಒಳಗಿನ ಹೊರಗಿನ ನೀರಿನ ಬಿಸಿ ಸಮ ಆದ ಮೇಲೆ ಬಾಯಿ ತೆಗೆದು ಸ್ವಲ್ಪ ಸ್ವಲ್ಪ ಕೆರೆ ನೀರು ಒಳಗೆ ಬಿಟ್ಟು, ಮರಿ ತಾನಾಗೇ ಈಜ್ಕೊಂಡು ಹೋಗೋ ಹಾಗೆ ಮಾಡ್ಬೇಕು. ಫೋಟೋಗೆ ಟೈಮ್ ಇಲ್ಲ ಅಂತ ದಡದ ಮೇಲಿಂದ ಸುರಿದು ಬಿಡ್ತಾರೆ. ಅರ್ಧ ಅಲ್ಲೇ ಬೆಳ್ಳಗೆ ಹೊಟ್ಟೆ ಮೇಲೆ ಮಾಡುತ್ತೆ, ಉಳಿದ ಅರ್ಧ ಕೊರವ ಮೀನಿಗೆ ಊಟ. ರಿಜಿಸ್ಟರಲ್ಲಿ ಲಕ್ಷ ಲಕ್ಷವೇ.

ಜಪಾನ್‌ನ 1949ರ ಮೀನುಗಾರಿಕೆ ಕಾಯ್ದೇಲಿ ನನಗೆ ಇಷ್ಟವಾದದ್ದು ಇದೇ. ನದಿ, ಸರೋವರದ ಹಕ್ಕನ್ನ ಅಲ್ಲಿನ ಸಹಕಾರ ಸಂಘಕ್ಕೆ ಕೊಡ್ತಾರೆ, ಆದ್ರೆ ಆ ನೀರಲ್ಲಿ ಮೀನು ಹೆಚ್ಚಿಸೋ ಹೊಣೆಯೂ ಸಂಘದ್ದೇ ಅಂತ ಷರತ್ತು. ಗಾಳ ಹಾಕೋಕೆ ಹೊರಗಿನವರು ಬಂದ್ರೆ ಸಂಘಕ್ಕೆ ಫೀಸು ಕಟ್ಟಬೇಕು, ಆ ದುಡ್ಡಲ್ಲಿ ಮರಿ ಬಿಡೋದು, ಮೊಟ್ಟೆ ಇಡೋ ಜಾಗ ಸರಿಪಡಿಸೋದು. ಹಕ್ಕು ಬೇಕು ಅನ್ನೋ ಬೀಸುಬಲೆ ಅಣ್ಣ ಈ ಷರತ್ತಿಗೆ ಒಪ್ತಾರಾ?

ಬೀಸುಬಲೆ:
ಒಪ್ತೀನ್ರಿ, ಮರಿ ನಾವ ಆರಿಸಿ ತರ್ತೀವಿ ಅಂದ್ರ. ಬ್ಯಾರೆಯವ್ರು ತಂದು ಸುರದು ಹೋದ ಮರಿಗೆ ನಾವು ಹೊಣಿ ಅಲ್ಲ.

ಕೋಡಿ ನೀರು:
ನಾನು ಕೇಳ್ಬೇಕು ಅಂತಿದ್ದದ್ದು ನೀರಿನ ಬಗ್ಗೆ. ಮೀನುಗಾರರು ಎಷ್ಟೇ ಶಿಸ್ತಿನಿಂದ ಇದ್ರೂ ಮೇಲಿನ ಅಣೆಕಟ್ಟಿನ ಗೇಟು ಯಾವಾಗ ತೆಗೀಬೇಕು ಅನ್ನೋದು ಅವರ ಕೈಯಲ್ಲಿಲ್ಲ. ಹತ್ತುಮೀನು, ಅಂದ್ರೆ ನೀರಿಗೆದುರಾಗಿ ಹತ್ತಿ ಹೋಗೋ ಮೀನು, ಮೊದಲ ಮಳೆಯ ಕೆಂಪು ನೀರಿಗೆ ಹೊಳೆ ಏರಿ ಬರುತ್ತೆ, ಆ ನೀರೇ ಬರದೆ ಜಲಾಶಯದಲ್ಲಿ ನಿಂತ್ರೆ ಅದು ಏರೋದು ಎಲ್ಲಿಗೆ. ಹಳ್ಳಕ್ಕೆ ಅಡ್ಡ ಕಟ್ಟಿದ ಚೆಕ್ ಡ್ಯಾಂ, ರಸ್ತೆ ಕೆಳಗೆ ಎತ್ತರಕ್ಕಿಟ್ಟ ಮೋರಿ ಪೈಪು, ಇವೂ ಸಾಕು ದಾರಿ ಮುಚ್ಚೋಕೆ. ಮರಳು ತೆಗೆದ ಜಾಗದಲ್ಲಿ ಮಡುವಿನ ಆಕಾರವೇ ಹೋಗುತ್ತೆ, ಕಾರ್ಖಾನೆ ನೀರು ಬಿಟ್ಟ ರಾತ್ರಿ ಕಾವಲಿದ್ದು ಏನು ಪ್ರಯೋಜನ.

ಜಲಾಶಯದ ಸಭೇಲಿ ನೀರಾವರಿಯವರು ಇರ್ತಾರೆ, ವಿದ್ಯುತ್ತಿನವರು ಇರ್ತಾರೆ, ಕುಡಿಯೋ ನೀರಿನವರು ಇರ್ತಾರೆ. ಮೀನುಗಾರರಿಗೆ ಕುರ್ಚಿ ಇಲ್ಲ. ಬೇಸಿಗೇಲಿ ಇಷ್ಟು ಅಡಿಗಿಂತ ಕೆಳಗೆ ನೀರು ಇಳಿಸಬಾರದು ಅಂತ ಒಂದು ಮಾತು ಬರೆಸಿದ್ರೆ ಹತ್ತು ವರ್ಷದ ಮರಿ ಬಿತ್ತನೆಗಿಂತ ಹೆಚ್ಚು ಉಪಯೋಗ. ಸಮುದಾಯ ನಿರ್ವಹಣೆ ಅಂತ ಹೇಳಿ ಮೀನು ಕಮ್ಮಿಯಾದ ತಪ್ಪನ್ನೆಲ್ಲ ಮೀನುಗಾರರ ತಲೆಗೆ ಹೊರಿಸೋ ಅಪಾಯ ಇದೆ, ಹುಷಾರು. 2014ರಲ್ಲಿ ಎಫ್‌ಎಒ ಸದಸ್ಯ ದೇಶಗಳು ಒಪ್ಪಿದ ಸಣ್ಣ ಪ್ರಮಾಣದ ಮೀನುಗಾರಿಕೆಯ ಮಾರ್ಗಸೂಚೀಲಿ ಈ ಹಿಡುವಳಿ ಹಕ್ಕು, ನಿರ್ಧಾರದಲ್ಲಿ ಪಾಲು ಎಲ್ಲ ಬರೆದಿದೆ, ಆದ್ರೆ ಅದು ಸ್ವಯಂಪ್ರೇರಿತ, ಅಂದ್ರೆ ಪಾಲಿಸದಿದ್ರೆ ಕೇಳೋರಿಲ್ಲ.

ಸುಮ್ನೆ ಓದ್ತಿದ್ದೆ:
ಎಲ್ಲ ಸರಿ, ನಾಳೆ ಬೆಳಿಗ್ಗೆ ಒಂದು ಚಿಕ್ಕ ಸಂಘ ಶುರು ಮಾಡ್ಬೇಕು ಅಂದ್ರೆ ಏನ್ ಮಾಡ್ಬೇಕು? ಕಾನೂನು ಬದಲಾಗೋ ತನಕ ಸುಮ್ನೆ ಕೂರೋಕಾಗಲ್ವಲ್ಲ

ಮಡುಮೀನು:
ಒಳ್ಳೇ ಪ್ರಶ್ನೆ. ನಾನಾಗಿದ್ರೆ ಹಿಡಿಯೋರ ಪಟ್ಟಿಯಿಂದ ಶುರು ಮಾಡ್ತೀನಿ, ಯಾರ್ಯಾರು ಈ ನೀರಲ್ಲಿ ಹಿಡೀತಾರೆ, ಯಾರು ಮಾರ್ತಾರೆ, ಅಕ್ಕ ಹೇಳಿದ ಹಾಗೆ ಹೆಂಗಸರ ಹೆಸರೂ ಸೇರಿ, ವರ್ಷದಲ್ಲಿ ಒಂದು ತಿಂಗಳು ಮಾತ್ರ ಬಂದು ಹೋಗೋ ಅಲೆಮಾರಿ ಮೀನುಗಾರರಿದ್ರೆ ಅವರದ್ದೂ, ಯಾಕಂದ್ರೆ ಹೊರಗಿನವರು ಅಂತ ನಾವು ಓಡಿಸೋರಲ್ಲಿ ತಲೆಮಾರಿನಿಂದ ಬರ್ತಿರೋ ಬಡವರೇ ಮೊದಲು ಸಿಕ್ಕಿಬೀಳ್ತಾರೆ, ಬ್ಯಾಟರಿಯವನು ತಪ್ಪಿಸ್ಕೋತಾನೆ. ಆಮೇಲೆ ಒಂದೇ ಒಂದು ಮಡು, ಅಥವಾ ಕೆರೆಯಾದ್ರೆ ಬೇಸಿಗೇಲಿ ನೀರು ಉಳಿಯೋ ಆಳದ ಮೂಲೆ, ಅಲ್ಲಿ ಬಲೆ ಬೇಡ ಅಂತ ಒಪ್ಪಂದ. ಬಾಂಗ್ಲಾದೇಶದ ಹೈಲ್ ಹಾವೋರ್ ಅನ್ನೋ ದೊಡ್ಡ ಜೌಗು ನೀರಿನ ಪ್ರದೇಶದಲ್ಲಿ 2003ರಲ್ಲಿ ಬೈಕ್ಕಾ ಬೀಲ್ ಅನ್ನೋ ಸುಮಾರು 100 ಹೆಕ್ಟೇರ್ ಜಾಗವನ್ನ ಹಿಂಗೇ ಶಾಶ್ವತವಾಗಿ ಮೀಸಲಿಟ್ರು, ಇಡೀ ಹಾವೋರ್‌ನ ಚಿಕ್ಕ ತುಂಡು ಅದು, ಸುತ್ತಲಿನ ನೀರಲ್ಲಿ ಹಿಡಿಯೋ ಮೀನು ಹೆಚ್ಚಿತು.

ದಂಡದ ವಿಷಯದಲ್ಲಿ ಎಲಿನೋರ್ ಆಸ್ಟ್ರಂ ಹೇಳಿದ್ದು ನೆನಪಿಡಿ, ಹಂಚಿಕೊಂಡ ಆಸ್ತಿಯನ್ನ ಜನ ತಾವೇ ಹೆಂಗೆ ಕಾಪಾಡ್ತಾರೆ ಅಂತ ಅಧ್ಯಯನ ಮಾಡಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ತಗೊಂಡೋರು. ಬಹಳ ಕಾಲ ಉಳಿದ ವ್ಯವಸ್ಥೆಗಳಲ್ಲಿ ಮೊದಲ ತಪ್ಪಿಗೆ ದಂಡ ತೀರಾ ಸಣ್ಣದು, ಹೆಚ್ಚು ಕಮ್ಮಿ ನಾಚಿಕೆ ಆಗೋಷ್ಟು, ಮತ್ತೆ ಮತ್ತೆ ಮಾಡಿದ್ರೆ ಏರ್ತಾ ಹೋಗುತ್ತೆ. ಮೊದಲ ಸಲಕ್ಕೇ ಬಲೆ ಸುಟ್ರೆ ಅವನು ಶತ್ರು ಆಗ್ತಾನೆ, ರಾತ್ರಿ ಬರ್ತಾನೆ.

ಇನ್ನೊಂದು ಇಲ್ಲಿ ಯಾರೂ ಹೇಳಲಿಲ್ಲ, ಮುಂಗಡ ಸಾಲ. ದಲ್ಲಾಳಿ ಹತ್ರ ದುಡ್ಡು ತಗೊಂಡವನು ರಜೆ ಇರಲಿ ಮೊಟ್ಟೆ ಮೀನಿರಲಿ ಹಿಡಿದು ಅವನ ತಕ್ಕಡಿಗೆ ಹಾಕಲೇಬೇಕು. ಸಂಘ ಮೊದಲ ವರ್ಷ ಏನೂ ಮಾಡದಿದ್ರೂ ರಜೆ ತಿಂಗಳಿಗೆ ಆಗೋಷ್ಟು ಉಳಿತಾಯ ಕೂಡಿಸಿಟ್ರೆ ಅದೇ ಅರ್ಧ ನಿರ್ವಹಣೆ.

ಒಣಮೀನು ಅಕ್ಕ:
ಉಳಿತಾಯ ನಮ್ಮ ಕೈಗೆ ಕೊಡಿ, ಲೆಕ್ಕ ಪಕ್ಕಾ ಇರುತ್ತೆ 😄

ತಕ್ಕಡಿ:
ಜೊತೆಗೆ ಒಂದು ನೋಟ್‌ಬುಕ್ ಇಡಿ. ಜಾಸ್ತಿ ಕಾಲಂ ಹಾಕಿದ್ರೆ ಯಾರೂ ತುಂಬಲ್ಲ. ತಾರೀಕು, ಎಷ್ಟು ಜನ ಹೋದ್ರು, ಯಾವ ಬಲೆ ಎಷ್ಟು ಹೊತ್ತು ಹಾಕಿದ್ರು, ಒಟ್ಟು ಎಷ್ಟು ಕೆ.ಜಿ., ಸಿಕ್ಕಿದ್ರಲ್ಲಿ ಎಲ್ಲಕ್ಕಿಂತ ದೊಡ್ಡ ಮೀನು ಯಾವುದು ಎಷ್ಟುದ್ದ. ಒಂದು ಹಲಗೆ ಮೇಲೆ ಸೆಂಟಿಮೀಟರ್ ಗೆರೆ ಎಳೆದು ದಡದಲ್ಲಿಟ್ರೆ ಅಳೆಯೋದು ಸುಲಭ. ಎರಡು ಮೂರು ವರ್ಷ ಇಟ್ರೆ ಇಷ್ಟು ಹೊತ್ತಿನ ಬಲೆಗೆ ಇಷ್ಟು ಮೀನು ಅನ್ನೋದು ಏರ್ತಾ ಇದೆಯಾ ಇಳೀತಾ ಇದೆಯಾ ಗೊತ್ತಾಗುತ್ತೆ, ಗುತ್ತಿಗೆ ಅವಧಿ ಹೆಚ್ಚಿಸಿ ಅಂತ ಕೇಳೋಕೆ ಹೋದಾಗ ಕೈಯಲ್ಲಿ ಕಾಗದ ಇರುತ್ತೆ. ಮಾಮಿರಾವಾದವರು ಕೋಟಾ ಗಿಟ್ಟಿಸಿದ್ದೂ ಲೆಕ್ಕ ತೋರಿಸೇ.

ಬೀಸುಬಲೆ:
ಖಾಲಿ ಬಲಿ ಬಂದ ದಿನಾನೂ ಬರಿಬೇಕೇನ್ರಿ ಸರ? ಅಂಥಾವ ಭಾಳ ಇರ್ತಾವ.

ತಕ್ಕಡಿ:
ಅದನ್ನ ಮೊದಲು ಬರೀರಿ. ಸೊನ್ನೆ ಬಿಟ್ಟು ಬರೀ ಸಿಕ್ಕಿದ ದಿನ ಬರೆದ್ರೆ ಸರಾಸರಿ ಯಾವಾಗಲೂ ಚೆನ್ನಾಗೇ ಕಾಣುತ್ತೆ, ಆಮೇಲೆ ಮೀನು ಕಮ್ಮಿಯಾಗಿದೆ ಅಂತ ನೀವು ಹೇಳಿದ್ರೆ ನಿಮ್ಮ ಪುಸ್ತಕಾನೇ ನಿಮಗೆ ತಿರುಗಿಸಿ ತೋರಿಸ್ತಾರೆ.